ಅವ್ವನ ಹೆಸರಿನ ತಾಟು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಸ್ಟೀಲಿನ ತಾಟಿದೆ. ಅದರ ಅಂಚಿಗಲ್ಲ, ಬೆನ್ನಿಗೂ ಅಲ್ಲ, ನಟ್ಟನಡುವೆ, ಕಣ್ಣಿಗೆ ರಾಚುವಷ್ಟು ದಪ್ಪ ಅಕ್ಷರಗಳಲ್ಲಿ ‘ದಿ. ಗಂಗಾಬಾಯಿಯವರ ಸ್ಮರಣಾರ್ಥ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದಿದೆ. ಗಂಗಾಬಾಯಿ ನಮ್ಮವ್ವ, ಕೊರೆಸಿದವನು ಸವಣೂರಿನಲ್ಲಿ ವಕೀಲಿ ಮಾಡುತ್ತಿದ್ದ ನಮ್ಮಣ್ಣ. ಆ ತಾಟನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಿಮ್ಮ ಮುಂದೆ ಮುಚ್ಚುಮರೆ ಏಕೆ, ಅದು ಇನ್ನೂ ಪೂರ್ತಿ ಇಳಿದಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಹಾಸಿಗೆ ಹಿಡಿದ ಅವ್ವ ಒಂದು ದಿನ ಕೈಯ ಬಂಗಾರದ ಪಾಟ್ಲಿಗಳನ್ನು ಕಳಚಿ ನನ್ನ ಉಡಿಯಲ್ಲಿ ಹಾಕಿ, "ಇವನ್ನ ಮಾರಿ ತಾಯಿ ಇಲ್ಲದ ಹುಡುಗೂರ ಹೊಟ್ಟಿಗೆ ಹಾಕವಾ" ಎಂದಳು. ಅವಳು ತೀರಿಕೊಂಡ ಮೇಲೆ ಅಷ್ಟು ಸರಳವಾದ ಮಾತಿಗೆ ಅಣ್ಣ ತಕರಾರು ತೆಗೆದ. "ಹೊಟ್ಟಿಗೆ ಹಾಕಿದ್ದು ಮರುದಿನಕ್ಕ ಇರತೈತೇನ? ತಾಟು ಕೊಡೂಣು, ಅವ್ವನ ಹೆಸರು ಉಳೀತೈತಿ" ಎಂಬುದು ಅವನ ವಾದ. ನಾನು ಒಪ್ಪಲಿಲ್ಲ. ಅವ್ವ ಹೊಟ್ಟೆ ಎಂದಿದ್ದಳೇ ಹೊರತು ಹೆಸರು ಎಂದಿರಲಿಲ್ಲ.

ನಾನಾಗ ಶಿಗ್ಗಾಂವಿಯ ಕನ್ಯಾಶಾಲೆಯಲ್ಲಿ ಶಿಕ್ಷಕಿ. ದುಂಡಸಿಯ ದಾರಿಯಲ್ಲಿ ಅನಾಥ ಮಕ್ಕಳ ಆಶ್ರಮವೊಂದಿತ್ತು. ಅದನ್ನು ನಡೆಸುವವರು ದೇವರಂಥವರು ಎನ್ನುವವರಿದ್ದರು, ಮಕ್ಕಳ ಹೆಸರಿನಲ್ಲಿ ತಾವೇ ನುಂಗುತ್ತಾರೆ ಎನ್ನುವವರೂ ಇದ್ದರು. ಅವ್ವನ ಪಾಟ್ಲಿ ಯಾರದೋ ಹೊಟ್ಟೆ ಸೇರಿದರೆ ಅವಳಿಗೆ ನಾನು ಯಾವ ಮುಖ ತೋರಿಸಲಿ? ಕಣ್ಣಾರೆ ನೋಡಿ, ಲೆಕ್ಕ ಕೇಳಿಯೇ ಕೊಡುವುದೆಂದು ಹೊರಟೆ.

ನಾನು ಹೋದಾಗ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ನೆಗ್ಗಿದ ಅಲ್ಯುಮಿನಿಯಂ ತಾಟುಗಳು, ಅವುಗಳಲ್ಲಿ ನೀರುನೀರಾದ ನುಚ್ಚಿನ ಗಂಜಿ. ಒಬ್ಬ ಪುಟ್ಟ ಹುಡುಗಿ ಗಂಜಿ ಮುಗಿದ ಮೇಲೂ ತಾಟನ್ನು ಬೆರಳಿನಿಂದ ಬಳಿಯುತ್ತಲೇ ಇದ್ದಳು. ವ್ಯವಸ್ಥಾಪಕರು ಮಾತ್ರ ನನ್ನನ್ನು ಸಡಗರದಿಂದ ಒಳಗೆ ಕರೆದು ಗಾಜಿನ ಕಪಾಟು ತೋರಿಸಿದರು. ಅದರ ತುಂಬ ಸ್ಟೀಲಿನ ತಾಟುಗಳು ಬೀಗದೊಳಗೆ ಫಳಫಳ ಹೊಳೆಯುತ್ತಿದ್ದವು, ಪ್ರತಿಯೊಂದರ ಮೇಲೂ ಯಾರದೋ ಸ್ಮರಣೆ. ತಲೆಯ ಮೇಲಿನ ಫ್ಯಾನಿನ ಮೂರು ರೆಕ್ಕೆಗಳಿಗೂ ಒಂದೇ ಮನೆತನದ ಹೆಸರು. ಇದೆಲ್ಲ ಸರಿ, ಲೆಕ್ಕ ತೋರಿಸಿರಿ ಎಂದೆ. ಅವರ ಮುಖ ಹುಳ್ಳಗಾಯಿತು.

"ಧರ್ಮದ ಕೆಲಸಕ್ಕ ಲೆಕ್ಕ ಕೇಳ್ತೀರಲ್ರಿ ಅಕ್ಕೋರ!"

ದಾನದ ಆಕಳ ಹಲ್ಲು ಎಣಿಸಬಾರದು ಎಂಬುದು ತೆಗೆದುಕೊಳ್ಳುವವರಿಗೆ ಹೇಳಿದ ಮಾತು. ಕೊಡುವವಳು ಗೋದಲಿಯಲ್ಲಿ ಮೇವಿದೆಯೇ ಎಂದು ನೋಡಬಾರದೆಂದು ನಾನು ಬಲ್ಲ ಯಾವ ಗಾದೆಯೂ ಹೇಳುವುದಿಲ್ಲ. ಕಡೆಗೆ ತಿಳಿದದ್ದು ಇಷ್ಟು: ಲೆಕ್ಕದ ವಹಿ ಹಾನಗಲ್ಲಿನ ಖಜಾಂಚಿಯವರ ಟ್ರಂಕಿನಲ್ಲಿದೆ, ಅಧ್ಯಕ್ಷರ ಅಪ್ಪಣೆಯಿಲ್ಲದೆ ಅವರು ಅದನ್ನು ತೆಗೆಯುವುದಿಲ್ಲ, ಅಧ್ಯಕ್ಷರಿರುವುದು ಹಿರೇಕೆರೂರಿನಲ್ಲಿ. ಹಾಳಾದ್ದು, ಮೂರು ತಾಲೂಕಿನ ಧೂಳು ಕುಡಿಯದೆ ಒಂದು ಪುಣ್ಯ ಮಾಡುವ ಹಾಗಿಲ್ಲವಲ್ಲ! ಹಿರೇಕೆರೂರಿಗೆ ಹೋದರೆ ಅಧ್ಯಕ್ಷರು ಚಿಕ್ಕೇರೂರಿನ ಹೊಲಕ್ಕೆ ಹೋಗಿದ್ದರು. ಮತ್ತೊಂದು ರವಿವಾರ ಸಿಕ್ಕಾಗ ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು, ತಾವೆಂದೂ ಕಾಣದ ನಮ್ಮವ್ವನನ್ನು ಬಾಯ್ತುಂಬ ಹೊಗಳಿದರು. ಅಪ್ಪಣೆ ಕೇಳಿದರೆ ಮಾತ್ರ ಮಳೆಬೆಳೆಯ ಮಾತು ತೆಗೆಯುತ್ತಿದ್ದರು. ಕೊಡುವ ತನಕ ಏಳುವುದಿಲ್ಲವೆಂದು ನಾನು ಕೂತುಬಿಟ್ಟೆ. ಕತ್ತಲಾಗುವುದನ್ನು ಕಂಡು ಚೀಟಿ ಬರೆದುಕೊಟ್ಟರು.

ಹಾನಗಲ್ಲಿನ ಖಜಾಂಚಿ ಒಬ್ಬ ನಿವೃತ್ತ ಮಾಸ್ತರರು. ಚೀಟಿ ಓದಿ ನಿಟ್ಟುಸಿರು ಬಿಟ್ಟು ವಹಿಯನ್ನು ನನ್ನ ಮುಂದಿಟ್ಟರು. ಹಾಳೆಹಾಳೆ ತಿರುವಿದೆ. ಕಳವು ಎಲ್ಲೂ ಇರಲಿಲ್ಲ. ಕದಿಯಲು ಅಲ್ಲಿ ಏನಾದರೂ ಇದ್ದರೆ ತಾನೆ? ಬಂದದ್ದೆಲ್ಲ ತಾಟು, ಫ್ಯಾನು, ಗೋಡೆ ಗಡಿಯಾರ, ಮತ್ತೆ ತಾಟು. ಜೋಳಕ್ಕೆಂದು, ಕಟ್ಟಿಗೆಗೆಂದು, ಅಡುಗೆಯವಳ ಪಗಾರಕ್ಕೆಂದು ಕೊಟ್ಟವರು ಬೆರಳೆಣಿಕೆಯಷ್ಟು.

"ಎಲ್ಲಾರೂ ಹೆಸರು ಹಾಕೂ ಜಾಗಾ ಕೇಳ್ತಾರ್ರಿ ಅಕ್ಕೋರ. ಜ್ವಾಳದ ಕಾಳಿನ ಮ್ಯಾಲೆ ಹೆಸರು ಹ್ಯಾಂಗ ಹಾಕೂದ್ರಿ?" ಎಂದರು ಮಾಸ್ತರರು. "ತಾಟು ತಗದು ಬಳಸಿದ್ರ ನಮ್ಮದು ನೆಗ್ಗೇತಿ ಅಂತ ಕೊಟ್ಟವರು ಜಗಳಕ್ಕ ಬರ್ತಾರ. ರೊಕ್ಕಿಲ್ಲ ಅಂತ ಹೇಳೂಣಂದ್ರ, ನುಂಗ್ಯಾರ ಅಂತಾರ."

ಕಳ್ಳನನ್ನು ಹಿಡಿಯಲು ಹೊರಟವಳಿಗೆ ಸಿಕ್ಕವರು ದಾನಿಗಳು! ಹಾಗೆಂದು ಇವರನ್ನೂ ನಾನು ಬಿಡಲಿಲ್ಲ. "ಮಾನ ಮುಚ್ಚಿಕೊಳ್ಳಾಕ ಹೋಗಿ ಕಳ್ಳರು ಅನಿಸ್ಕೊಂಡ್ರಿ. ಇದ್ದದ್ದು ಇದ್ದಂಗ ಬಾಗಲದಾಗ ಬರದು ಹಾಕಿದ್ರ ಆ ಹುಡುಗೂರು ಇಷ್ಟು ದಿನ ಗಂಜಿ ಕುಡೀತಿದ್ದಿಲ್ಲ" ಎಂದು ಹಿರಿಯರೆಂಬುದನ್ನೂ ಮರೆತು ಬೈದೆ. ಪಾಟ್ಲಿ ಮಾರಿದ ಹಣವನ್ನು ಜೋಳ, ಬೇಳೆ, ಕಟ್ಟಿಗೆಗಳಿಗಷ್ಟೇ ಎಂದು ಬರೆಸಿ ಕೊಟ್ಟೆ. ತಿಂಗಳ ಜಮಾಖರ್ಚನ್ನು ಆಶ್ರಮದ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆಯಬೇಕೆಂಬ ಕರಾರನ್ನೂ ಹಾಕಿದೆ. ಅವರು ಪ್ರಾಮಾಣಿಕವಾಗಿ ಬರೆದರು. ಬಂದ ದೊಡ್ಡ ಮನುಷ್ಯರು ಆ ಹಲಗೆಗೆ ಬೆನ್ನು ಮಾಡಿ ನಿಂತು ಫ್ಯಾನಿನ ಮೇಲಿನ ಹೆಸರು ಓದುತ್ತಿದ್ದರು. ಹಣೆ ಚಚ್ಚಿಕೊಳ್ಳದೆ ಇನ್ನೇನು ಮಾಡಲಿ, ಹೇಳಿ?

ಇತ್ತ ಅಣ್ಣ ನನ್ನನ್ನು ಕೇಳದೆ ಮಾದರಿಗೆಂದು ಈ ತಾಟನ್ನು ಮಾಡಿಸಿ ತಂದಿದ್ದ. ಹಣ ಜೋಳಕ್ಕೆ ಹೋಯಿತೆಂದು ತಿಳಿದು ಕೆಂಡವಾದ. "ಅವ್ವಂದು ಅಂತ ಒಂದು ಗುರ್ತರ ಐತೇನ ಅಲ್ಲಿ?" ಎಂದು ಕೂಗಾಡಿದ. ಆ ಸಿಟ್ಟಿನಲ್ಲಿ ದುಃಖವೂ ಇತ್ತೆಂಬುದು ನನಗೆ ತಿಳಿಯುತ್ತಿತ್ತು. ಎದುರಾಡದೆ ಊಟಕ್ಕೆ ಏಳು ಎಂದೆ, ಬಡಿಸಿದ್ದು ಅದೇ ತಾಟಿನಲ್ಲಿ. ಬಿಸಿ ಜೋಳದ ರೊಟ್ಟಿ ಹಾಕಿದೆ.

"ಹೆಸರು ಮುಚ್ಚಿ ಹೋತಲ್ಲ" ಎಂದ.

"ಹೌದಣ್ಣಾ, ಉಣ್ಣಾಕ ಹಾಕಿದ್ರ ಮುಚ್ಚತೈತಿ. ಅವ್ವನ ಹೆಸರು ಓದಬೇಕಂದ್ರ ಆ ಹುಡುಗೂರ ತಾಟು ಖಾಲಿ ಇರಬೇಕು."

ಅಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದ. ಅರ್ಧ ಮುಗಿದು ಅವ್ವನ ಹೆಸರಿನ ಮೊದಲ ಅಕ್ಷರ ಕಾಣುತ್ತಲೇ ತಾಟನ್ನು ನನ್ನತ್ತ ಸರಿಸಿ, "ಇನ್ನೊಂದು ಹಾಕು" ಎಂದ.