ಭಾವನ ಟೈಮಿಂಗ್

ನಮ್ಮ ಭಾವನ ಬಲ ಅಂಗೈ ಪೂರ್ತಿ ಮೇಲ್ಮುಖವಾಗುತ್ತಿರಲಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು. ತೀರ್ಥವೆಲ್ಲ ಕಿರುಬೆರಳ ಕಡೆಯಿಂದ ಜಾರಿ ಮೊಣಕೈಗೆ ಇಳಿಯುತ್ತಿತ್ತು. ಮಣಿಕಟ್ಟಿನ ಮೂಳೆ ಅಡಿಕೆಯಷ್ಟು ಉಬ್ಬಿಕೊಂಡಿತ್ತು. ಅರ್ಚಕರು ಅವರಿಗೆ ಮಾತ್ರ ಒಂದು ಉದ್ಧರಣೆ ಹೆಚ್ಚಿಗೆ ಹಾಕಿ, ನಗುತ್ತಾ ಮುಂದೆ ಹೋಗುತ್ತಿದ್ದರು.

ಆ ಕೈ ಮುರಿದದ್ದು ಮನೆಯ ಟ್ರ್ಯಾಕ್ಟರಿನಿಂದ. ಅವರ ತಂದೆ ಕೊಂಡಿದ್ದ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್ ಅದು. ಮಾದಿಹಳ್ಳಿಯಲ್ಲಿ ಎಲ್ಲರ ಮನೆಗೂ ಡೀಸೆಲ್ ಗಾಡಿ ಬಂದರೂ ಭಾವ ಅದನ್ನು ಬಿಡಲಿಲ್ಲ. ಸೆಲ್ಫ್ ಸ್ಟಾರ್ಟರ್ ಎಂದೋ ಕೆಟ್ಟಿತ್ತು, ಬಿಡಿಭಾಗ ಸಿಗಲಿಲ್ಲ. ಹಾಗಾಗಿ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿಯೇ ಅದನ್ನು ಎಬ್ಬಿಸಬೇಕಿತ್ತು. ಮದುವೆಯಾದ ಹೊಸದರಲ್ಲಿ, ಗಾಡಿ ಜೋರಾಗಿ ಎಳೆಯಲಿ ಎಂದು ಭಾವ ಟೈಮಿಂಗ್ ಮುಂದಕ್ಕಿಟ್ಟಿದ್ದರಂತೆ. ಎಂದರೆ ಎಂಜಿನ್ನಿನೊಳಗೆ ಕಿಡಿ ತುಸು ಬೇಗ ಹಾರುವಂತೆ. ಒಂದು ಬೆಳಿಗ್ಗೆ ಹ್ಯಾಂಡಲ್ ಎದುರು ದಿಕ್ಕಿಗೆ ಒದೆಯಿತು. ನಾಟಿ ವೈದ್ಯರು ಕಟ್ಟಿದ ಕೈ ಸೊಟ್ಟಗೇ ಕೂಡಿಕೊಂಡಿತು. ಎಡಗೈಗೆ ತಿರುಗಿಸುವ ಕಸುವಿರಲಿಲ್ಲ. ಅಂದಿನಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಹೊಡೆಯುವುದು ನಮ್ಮಕ್ಕನ ಕೆಲಸವಾಯಿತು.

ನಾನು ಹಳೇಬೀಡಿನಲ್ಲಿ ಹೈಸ್ಕೂಲ್ ಮೇಷ್ಟ್ರು. ವಾರವೆಲ್ಲ ಕಿರುಚಿ ಗಂಟಲು ಬತ್ತಿಸಿಕೊಂಡು ಶನಿವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಬಂದರೆ ಯಾರೊಂದಿಗೂ ಮಾತು ಬೇಡವಾಗಿರುತ್ತಿತ್ತು. ಭಾವನಿಗೂ ಮಾತು ಬೇಕಿರಲಿಲ್ಲ. ಅವರದು ಹುಟ್ಟಾ ದಣಿದ ಮುಖ. ಏನು ಹೇಳಿದರೂ, "ಎಲ್ಲಿಗೆ ಓಡ್ಬೇಕು ಈಗ?" ಎನ್ನುವುದೊಂದೇ ಉತ್ತರ. ಊಟಕ್ಕೆ ಬನ್ನಿ ಎಂದರೂ ಅದೇ, ಬಸ್ಸು ತಪ್ಪುತ್ತದೆ ಎಂದರೂ ಅದೇ. ನಾವಿಬ್ಬರೂ ಮನೆಯ ಹಟ್ಟಿಯಂಗಳದ ಕಲ್ಲಿನ ಮೇಲೆ ಸುಮ್ಮನೆ ಕೂತು ಕಾಫಿ ಕುಡಿಯುತ್ತಿದ್ದೆವು. ಅಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸುಗ್ಗಿಗೆ ಮುಂಚೆ ಟೈಮಿಂಗ್ ಇಡುವ ಕೆಲಸ ಬರುತ್ತಿತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಎರಡು ಪಾಯಿಂಟುಗಳ ನಡುವೆ ತೆಳ್ಳನೆಯ ಕಾಗದ ಸಿಕ್ಕಿಸಿ ನಾನು ಮೆಲ್ಲಗೆ ಎಳೆದು ಹಿಡಿಯಬೇಕು. ಭಾವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗುತ್ತಾರೆ. ಪಾಯಿಂಟುಗಳು ಬಿಟ್ಟುಕೊಂಡ ಗಳಿಗೆಗೆ ಕಾಗದ ಜಾರುತ್ತದೆ. ಕಿಡಿ ಹಾರುವ ಗಳಿಗೆಯೂ ಅದೇ. ಸಿಗರೇಟ್ ಪ್ಯಾಕಿನೊಳಗಿನ ಕಾಗದವೇ ಇದಕ್ಕೆ ಸರಿ ಎಂದು ಭಾವ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಖಾಲಿ ಪ್ಯಾಕ್ ತಂದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಒಗೆಯಲು ಹಾಕಿದ ಅಂಗಿಯಲ್ಲಿ ಅದು ಸಿಕ್ಕಿ ಅಕ್ಕ ಒಂದು ದಿನ ಮಾತು ಬಿಟ್ಟಿದ್ದಳು.

ಆದರೆ ಕಾಗದ ಜಾರಿದ ಮೇಲೂ ಭಾವ ಸುಮ್ಮನಾಗುತ್ತಿರಲಿಲ್ಲ. ಇನ್ನೊಂದು ಚೂರು ಹಿಂದಕ್ಕೆ ತಿರುಗಿಸಿಯೇ ಬೋಲ್ಟ್ ಬಿಗಿಯುತ್ತಿದ್ದರು. ಕಣ್ಣು ಮಂಜಾಗಿದೆ, ಪಾಪ, ಎಂದುಕೊಳ್ಳುತ್ತಿದ್ದೆ. ಕಿಡಿ ತಡವಾಗಿ ಹಾರುವುದರ ಫಲ ಕಣ್ಣಮುಂದೆಯೇ ಇತ್ತು. ಭತ್ತದ ಚೀಲ ಹೇರಿದರೆ ಗಾಡಿ ಕೆರೆ ಏರಿ ಹತ್ತಲಾರದೆ ಏದುಸಿರು ಬಿಡುತ್ತಿತ್ತು. ನೀರು ಕೊತಕೊತ ಕುದಿಯುತ್ತಿತ್ತು. ಅರ್ಧ ದಾರಿಯಲ್ಲಿ ಚೀಲ ಇಳಿಸಿ, ಗಾಡಿ ದಾಟಿಸಿ, ಮತ್ತೆ ಹೊತ್ತು ಹೇರಬೇಕು. ಅಕ್ಕ ಅದಕ್ಕೆ ಸೋಮಾರಿ ಎಂದೇ ಹೆಸರಿಟ್ಟಿದ್ದಳು. "ನಿಮ್ಮ ಭಾವಂಗೆ ಟೈಮಿಂಗ್ ಬರಾಕಿಲ್ಲ ಕಣೋ" ಎಂದು ಅವರ ಎದುರೇ ಹೇಳುತ್ತಿದ್ದಳು. ಭಾವ ತಲೆ ಕೆರೆದುಕೊಂಡು, "ಹೂಂ, ಬರಾಕಿಲ್ಲ" ಎನ್ನುತ್ತಿದ್ದರು.

ಒಂದು ಸುಗ್ಗಿಯಲ್ಲಿ ಚೀಲ ಹೊತ್ತು ಹೊತ್ತು ನನಗೇ ರೋಸಿಹೋಯಿತು. ಬಾಣಾವರದಿಂದ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಅವರು ನೋಡಿದವರೇ, "ಟೈಮಿಂಗ್ ಹಿಂದೈತೆ ಸ್ವಾಮಿ, ಗಾಡೀಲಿ ದಮ್ಮಿದ್ರೂ ಕಟ್ಟಾಕವ್ರೆ" ಎಂದು ಸರಿಮಾಡಿ, ತಾವೇ ಹ್ಯಾಂಡಲ್ ಹೊಡೆದರು. ಗಾಡಿ ಏರಿಯನ್ನು ಒಂದೇ ಉಸಿರಿಗೆ ಹತ್ತಿತು. ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ಮಾತ್ರ ಟವೆಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅಕ್ಕ ಹ್ಯಾಂಡಲ್ ಹಿಡಿದು ಬಂದಾಗ, "ತಡಿ, ಒಂದು ಲೋಟ ಕಾಫಿ ಕೊಡು ಮೊದ್ಲು" ಎಂದು ಭಾವ ಅವಳನ್ನು ಒಳಗೆ ಕಳಿಸಿದರು. ನಾನು ಹಲ್ಲುಜ್ಜುತ್ತಾ ನೋಡುತ್ತಿದ್ದೆ. ಅವರು ಸರಸರನೆ ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿಬಿಟ್ಟರು.

"ಏನ್ ಭಾವ ಇದು! ಮತ್ತೆ ಚೀಲ ಹೊರೋರ್ಯಾರು?" ಎಂದು ರೇಗಿದೆ.

"ಮೆಲ್ಲಗೆ ಮಾತಾಡು" ಎಂದರು. ಸೊಟ್ಟ ಕೈಯನ್ನು ನನ್ನ ಮುಂದೆ ಚಾಚಿದರು. "ಹ್ಯಾಂಡ್ಲು ಹೊಡೆಯೋಳು ನಿಮ್ಮಕ್ಕ ಕಣಪ್ಪ. ಹಿಂದೆ ಇದ್ರೆ ಇದು ಒದೆಯಾಕಿಲ್ಲ."

"ನಾನು ಹೊಡೀತೀನಿ ಬಿಡಿ."

"ವಾರಕ್ಕೊಂದ್ಸಾರಿ ಬರೋನು ನೀನು. ಮಿಕ್ಕ ದಿನ?"

"ಅಕ್ಕನಿಗೆ ಹೇಳಬಾರದಾ?" ಎಂದೆ.

"ಹೇಳಿದ್ರೆ ಸುಮ್ನಿರ್ತಾಳಾ ಅವ್ಳು? ನಂಗೇನೂ ಆಗಾಕಿಲ್ಲ, ಮುಂದಕ್ಕಿಡಿ ಅಂತಾಳೆ. ಟೈಮಿಂಗ್ ಬರಾಕಿಲ್ಲ ಅಂದ್ಕೊಂಡ್ರೆ ಅಂದ್ಕೊಳ್ಳಿ. ಏರಿ ನಿಧಾನಕ್ಕೆ ಹತ್ತುತ್ತೆ. ಎಲ್ಲಿಗೆ ಓಡ್ಬೇಕು ಈಗ?"

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಆ ಸುಗ್ಗಿ ಮುಗಿಯುವ ತನಕ ನಾನು ತುಟಿಪಿಟಕ್ಕೆನ್ನದೆ ಚೀಲ ಹೊತ್ತೆ. ಸೊಂಟ ನೋಯುತ್ತಿತ್ತು. ಆದರೆ ಭಾವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಳೆದ ಆಷಾಢದಲ್ಲಿ ಭಾವ ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲ, ಅಷ್ಟೇ. ನನಗೆ ಅಳಲೂ ಆಗದಷ್ಟು ಸುಸ್ತಾಗಿತ್ತು. ಕಲ್ಲಿನ ಮೇಲೆ ಒಬ್ಬನೇ ಕೂತು ಕಾಫಿ ಕುಡಿಯುವುದು ಇಷ್ಟು ಕಷ್ಟವಾಗುತ್ತದೆ ಎಂದು ತಿಳಿದಿರಲಿಲ್ಲ.

ಸುಗ್ಗಿ ಬಂತು. ಗಾಡಿ ಕೊಟ್ಟುಬಿಡೋಣ ಎಂದೆ. ಅಕ್ಕ ಒಪ್ಪಲಿಲ್ಲ. "ನಾನಿರೋಗಂಟ ಇರ್ಲಿ ಬಿಡು" ಎಂದಳು. ಮಳೆಗಾಲವೆಲ್ಲ ನಿಂತಿದ್ದ ಗಾಡಿಯ ಪಾಯಿಂಟ್ ಉಜ್ಜಿ, ಅವರ ಅಂಗಿಯ ಜೇಬಿನಲ್ಲೇ ಉಳಿದಿದ್ದ ಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಎಳೆಯುತ್ತಾ ಇನ್ನೊಂದರಲ್ಲಿ ತಿರುಗಿಸಿದೆ. ಕಾಗದ ಜಾರಿತು. ಅಲ್ಲಿಗೆ ಬಿಗಿದಿದ್ದರೆ ಗಾಡಿ ಏರಿಯನ್ನು ಒಂದೇ ಉಸಿರಿಗೆ ಹತ್ತುತ್ತಿತ್ತು. ಇನ್ನೊಂದು ಚೂರು ಹಿಂದಕ್ಕೆ ತಿರುಗಿಸಿ ಬೋಲ್ಟ್ ಬಿಗಿದೆ.

ಹ್ಯಾಂಡಲ್ ಕೇಳಿದರೆ ಅಕ್ಕ ಕೊಡಲಿಲ್ಲ. ಸೆರಗು ಸಿಕ್ಕಿಸಿ ಹೊಡೆದಳು. ಗಾಡಿ ಕೆಮ್ಮಿ, ಹೊಗೆ ಬಿಟ್ಟು, ಹಳೆಯ ಸೋಮಾರಿ ಸದ್ದಿನಲ್ಲೇ ಎದ್ದಿತು. ಅಕ್ಕ ಹ್ಯಾಂಡಲ್ ಕಳಚಿಕೊಂಡು ಆ ಸದ್ದಿಗೆ ಕಿವಿಗೊಟ್ಟಳು. ಕಣ್ಣು ತುಂಬಿಕೊಂಡಿದ್ದರೂ ನಕ್ಕಳು.

"ನಿಂಗೂ ಟೈಮಿಂಗ್ ಬರಾಕಿಲ್ಲ ಕಣೋ, ನಿಮ್ಮ ಭಾವನಂಗೇ."

"ಹೂಂ ಅಕ್ಕ, ಬರಲ್ಲ" ಎಂದೆ. "ಅವರ ಹತ್ರಾನೇ ಅಲ್ವಾ ಕಲಿತದ್ದು."