ಕಟ್ಟೆ ಇಲ್ಲದ ಬಾವಿ

"ಸಫಾ, ನಿಲ್ಲು. ಕಾಲು ಇಡ್ಬೇಡ."

ಅಂಗಡಿಯಿಂದ ಆಗಷ್ಟೇ ಬಂದ ನೆರೆಮನೆಯ ಐಸಮ್ಮ ಗೇಟಿನಿಂದಲೇ ಕೂಗಿದರು. ಸುರತ್ಕಲ್‌ನ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮಕ್ಕಳಿಗೆಂದು ನಾನು ಬಣ್ಣದ ಚಾಕ್‌ನಲ್ಲಿ ಬಾವಿಯೊಂದನ್ನು ಬಿಡಿಸಿದ್ದೆ. ತಳದಲ್ಲಿ ದೀಪ ಹಚ್ಚಿದ ಪುಟ್ಟ ಊರು, ಮನೆಗಳ ಮೇಲೆ ಹಾರುವ ಮೀನುಗಳು. ಗೇಟಿನ ಕಡೆಯಿಂದ ನೋಡಿದರೆ ನೆಲವೇ ಬಾಯಿ ತೆರೆದಂತೆ ಕಾಣುತ್ತಿತ್ತು. ಐಸಮ್ಮನ ನಾಲ್ಕು ವರ್ಷದ ಮೊಮ್ಮಗಳು ಸಫಾ ಆಚೆ ಅಂಚಿನಲ್ಲಿ ನಿಂತಿದ್ದಳು.

ಅದು ಬರೀ ಚಿತ್ರ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಚಿತ್ರ ಒಬ್ಬರನ್ನು ನಂಬಿಸಿತಲ್ಲ ಎಂಬ ಹೆಮ್ಮೆಯಲ್ಲಿ ಒಂದು ಕ್ಷಣ ಸುಮ್ಮನಿದ್ದೆ. ಅಷ್ಟರಲ್ಲಿ ಹೆದರಿದ ಮಗು ಅಜ್ಜಿಯ ಕಡೆಗೇ ಓಡಿತು, ಬಾವಿಯ ಮೇಲೆಯೇ. ಐಸಮ್ಮ ಕಣ್ಣು ಮುಚ್ಚಿ ಕುಸಿದು ಕುಳಿತರು. ಮಗು ಬಂದು ಕುತ್ತಿಗೆಗೆ ಜೋತುಬಿದ್ದ ಮೇಲೂ ಅವರು ಕಣ್ಣು ತೆರೆಯಲು ಹೊತ್ತು ಹಿಡಿಯಿತು.

ನಾನು ಕ್ಷಮೆ ಕೇಳಿದೆ. ಮಗುವಿನ ಪಾದಕ್ಕೆ ಅಂಟಿದ್ದ ನೀಲಿ ಪುಡಿಯನ್ನು ಒರೆಸುತ್ತಾ ಅವರು ಹೇಳಿದರು: "ಚಿತ್ರ ಅಂತ ಈಗ ಗೊತ್ತಾಯ್ತು ಮಾರಾಯ್ತಿ. ಇಷ್ಟು ಆಳ ಮಾಡಿದವಳಿಗೆ ಒಂದು ಕಟ್ಟೆ ಕಟ್ಲಿಕ್ಕೆ ಎಂತ ದಾಡಿ?"

ಅವರು ಹೋದ ಮೇಲೆ ಬಾವಿಯ ಸುತ್ತ ಕೆಂಪು ಕಲ್ಲಿನ ಕಟ್ಟೆ ಬಿಡಿಸಿದೆ. ಚಾಕ್ ಎಂದು ಗೊತ್ತಿದ್ದೂ ಅದನ್ನು ತುಳಿದು ದಾಟಲಾಗಲಿಲ್ಲ. ಸುತ್ತು ಹಾಕಿಯೇ ಮನೆಗೆ ಹೋದೆ.