ಎಳ್ಳಿಲ್ಲದ ಸಂಕ್ರಾಂತಿ

"ಎಳ್ಳು ಬೆಲ್ಲ ತಗೊಂಡು ಚಲೋ ಮಾತಾಡೋಣವ್ವಾ" ಎನ್ನುತ್ತ ಎದುರುಮನೆ ಶಾಂತಕ್ಕ ಜೋಗೇಶ್ವರಿ ಬಡಾವಣೆಯ ನಮ್ಮ ಮನೆಗೆ ಬಂದು, ನನ್ನ ಮೊಮ್ಮಗಳು ಸಾನ್ವಿಯತ್ತ ಡಬ್ಬಿಯಿಂದ ಎಳ್ಳುಂಡೆ ತೆಗೆದು ಚಾಚಿದರು. ಎಂಟು ವರ್ಷದ ಸಾನ್ವಿಗೆ ಆಟಿಸಂ ಇದೆ. ಜೊತೆಗೆ ಎಳ್ಳಿನ ಅಲರ್ಜಿ; ತಿಂದರೆ ಗಂಟಲು ಬಾತುಕೊಳ್ಳುತ್ತದೆ. ಹಬ್ಬದ ಉಂಡೆ ಬೇಡವೆನ್ನಲು ನನಗೆ ಸಂಕೋಚ.

ಸಾನ್ವಿಗೆ ಸಂಕೋಚವೆಂಬುದೇ ಗೊತ್ತಿಲ್ಲ. "ಎಳ್ಳು ನನಗ ಆಗಂಗಿಲ್ಲ. ಡಬ್ಬಿ ಬಾಹರ್ ಇಡ್ರಿ. ಹಾತ್ ತೊಳಕೋರಿ."

ಶಾಂತಕ್ಕ ಡಬ್ಬಿಯನ್ನು ಬಾಗಿಲ ಹೊರಗಿಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು. ಸಾನ್ವಿ ನಾನು ಮಾಡಿದ ಕೊಬ್ಬರಿ ಉಂಡೆಯನ್ನು ಅವರ ಕೈಗಿಟ್ಟು, ಎದುರಿಗೇ ನಿಂತಳು. "ಈಗ ಚಲೋ ಮಾತಾಡ್ರಿ."

"ಏನ್ ಮಾತಾಡ್ಲಿ ನಮ್ಮವ್ವಾ? ನಿನ್ನ ಫ್ರಾಕ್ ಭಾಳ ಚಂದ ಐತಿ."

"ಇನ್ನೊಂದು."

ಏಳು ಮಾತು ಮುಗಿದ ಮೇಲೆಯೇ ಶಾಂತಕ್ಕನಿಗೆ ಬಿಡುಗಡೆ.

ಈಗ ಯಾರೇ ತಿಂಡಿ ತಂದರೂ "ಎಳ್ಳು ಹಾಕೀರೇನು?" ಎಂದು ಬಾಗಿಲಲ್ಲೇ ನಾನು ಕೇಳುತ್ತೇನೆ. ಧ್ವನಿ ಇನ್ನೂ ಸಣ್ಣದೇ. ಸಾಲದಿದ್ದರೆ ಬೆನ್ನ ಹಿಂದೆ ಸಾನ್ವಿ ಇದ್ದಾಳೆ.